ಬೆನ್ನು ಮೇಷ್ಟ್ರೂ ಸುಂಕದ ಕಟ್ಟೆಯೂ

ನನ್ನ ಅಕ್ಕನ ಗಂಡ ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಯಾರ ಜೊತೆಗೂ ಜಗಳಕ್ಕೆ ಹೋಗುವುದಿಲ್ಲ. ಇಷ್ಟು ಒಳ್ಳೆಯವನಿಗೆ ದೃಷ್ಟಿ ತಾಗದಿರಲಿ ಎಂದೋ ಏನೋ ದೇವರು ಒಂದು ದುರ್ಗುಣ ಇಟ್ಟಿದ್ದಾನೆ. ಅವನ ಹೊಲಿಗೆಯನ್ನು ಯಾರಾದರೂ ಮೆಚ್ಚಿಕೊಂಡರೆ ಅವನ ಬಾಯಿಗೆ ಬೀಗ ಇರುವುದಿಲ್ಲ. ನಮ್ಮ ಊರಿನ ಹನ್ನೊಂದು ಮನೆಗಳು ಹದಿನೈದು ದಿನ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದು ಆ ಒಂದು ದುರ್ಗುಣದಿಂದ. ಭಾವನಿಗೆ ಬಹುವಚನ ಕೊಟ್ಟು ಬರೆಯಬೇಕು, ನನಗೂ ಗೊತ್ತು. ಎದುರಿಗಿದ್ದಾಗ ಕೊಡುತ್ತೇನೆ.

ಮೊದಲು ನಮ್ಮ ಕಸುಬು ಹೇಳಿಬಿಡುತ್ತೇನೆ. ಹೊರದೇಶದ ಹಳೇ ಕೋಟುಗಳು ಹಡಗಿನಲ್ಲಿ ಬಂದಿಳಿಯುತ್ತವೆ. ಕೋಟು ಇಡಿಯಾಗಿದ್ದರೆ ಅದು ಉಡುಪು. ಅದಕ್ಕೆ ಬೀಳುವ ಆಮದು ಸುಂಕ ಕೇಳಿದರೆ ಎಂಥ ಚಳಿಯಲ್ಲೂ ಮೈ ಬೆವರುತ್ತದೆ. ಅದೇ ಕೋಟನ್ನು ಕೊರಳಪಟ್ಟಿಯಿಂದ ಅಂಚಿನವರೆಗೆ ಬೆನ್ನಿನ ನಡುಮಧ್ಯಕ್ಕೆ ಸೀಳಿಬಿಟ್ಟರೆ ಅದು ಚಿಂದಿ. ಚಿಂದಿಗೆ ಸುಂಕ ಇದ್ದೂ ಇಲ್ಲದಷ್ಟು. ಆದ್ದರಿಂದ ಬಂದರಿನಲ್ಲಿ ಒಬ್ಬ ದೊಡ್ಡ ಕತ್ತರಿ ಹಿಡಿದು ಬೆಳಗಿನಿಂದ ಸಂಜೆವರೆಗೆ ಒಳ್ಳೊಳ್ಳೆಯ ಕೋಟುಗಳನ್ನು ಸೀಳುತ್ತಾ ನಿಂತಿರುತ್ತಾನೆ. ಮುನ್ನೂರು ಮೈಲಿ ಆಚೆ, ಕಲ್ಲು ಬಿಟ್ಟರೆ ಬೇರೇನೂ ಬೆಳೆಯದ ಈ ಗುಡ್ಡದ ಮೇಲೆ, ನಾವು ಬೆಳಗಿನಿಂದ ಸಂಜೆವರೆಗೆ ಅವನ್ನೇ ಮತ್ತೆ ಕೂಡಿಸುತ್ತಾ ಕೂತಿರುತ್ತೇವೆ. ಈ ವ್ಯವಸ್ಥೆಯಲ್ಲಿ ತಲೆ ಕೆಟ್ಟವರು ಯಾರು ಎಂದು ನನ್ನನ್ನು ಕೇಳಬೇಡಿ. ನಾನು ಗುಂಡಿ ಹಚ್ಚುವವನು.

ಈ ಸೀಳು ಕೋಟುಗಳ ಕಟ್ಟು ಬಂದ ದಿನ ಶಾಲೆಯ ಬಯಲಿನಲ್ಲಿ ಎಡಭಾಗಗಳನ್ನು ಒಂದು ಕಡೆ, ಬಲಭಾಗಗಳನ್ನು ಇನ್ನೊಂದು ಕಡೆ ಹರಡುತ್ತಾರೆ. ಬಂದರಿನ ಪುಣ್ಯಾತ್ಮ ಎಲ್ಲವನ್ನೂ ಕಲಸುಮೇಲೋಗರ ಮಾಡಿ ತುಂಬಿರುತ್ತಾನೆ. ಎಡಕ್ಕೆ ಸರಿಯಾದ ಬಲವನ್ನು ಹುಡುಕುವುದು ಹೆಂಗಸರ ಕೆಲಸ. ಅದರಲ್ಲಿ ಅಕ್ಕನದು ಎತ್ತಿದ ಕೈ. ಜೋಡಿ ಸಿಕ್ಕ ಮೇಲೆ ಭಾವನ ಸರದಿ. ಬೆನ್ನು ಕೂಡಿಸುವುದನ್ನು ಊರಿಗೆಲ್ಲ ಕಲಿಸಿದವನು ಅವನೇ. ಬೇರೆಯವರ ಹೊಲಿಗೆ ಕತ್ತು ಬಗ್ಗಿಸಿ ನೋಡಿದರೆ ಕಾಣುತ್ತದೆ. ಭಾವನದು ಮಾತ್ರ ಸೂರ್ಯನಿಗೆ ಹಿಡಿದರೂ ಕಾಣುವುದಿಲ್ಲ. ಅದಕ್ಕೇ ಅವನಿಗೆ ಊರಿನಲ್ಲಿ ಬೆನ್ನು ಮೇಷ್ಟ್ರು ಎಂದು ಹೆಸರು.

ಆ ದಿನ ಬೆಳಿಗ್ಗೆ ನಾನೂ ಭಾವನೂ ರೈಲು ನಿಲ್ದಾಣದಿಂದ ಹೊಸ ಕಟ್ಟನ್ನು ಗಾಡಿಗೆ ಹೇರಿಕೊಂಡು ಬರುತ್ತಿದ್ದೆವು. ಭಾವ ಒಂದು ಕಪ್ಪು ಕೋಟು ತೊಟ್ಟಿದ್ದ. ಅದರ ಬೆನ್ನು ಕೂಡಿಸಲು ಅವನು ಒಂಬತ್ತು ದಿನ ಕೂತಿದ್ದ. ಕಟ್ಟು ಕೊಟ್ಟು ಕೋಟು ಕೊಳ್ಳುವ ಪೇಟೆಯ ವ್ಯಾಪಾರಿಗೆ ಕೊಡುವ ಮೊದಲು ಒಂದು ದಿನ ಮೈಮೇಲೆ ಹಾಕಿಕೊಂಡು ನೋಡಬೇಕು, ಹೊಲಿಗೆ ಜಗ್ಗುತ್ತದೋ ಇಲ್ಲವೋ ತಿಳಿಯುತ್ತದೆ ಎಂದು ಅವನ ವಾದ. ನಿಲ್ದಾಣದಲ್ಲಿ ನಾಲ್ಕು ಜನ ನೋಡಲಿ ಎಂಬುದು ನಿಜವಾದ ಕಾರಣ.

ಊರಿಗೆ ಆರು ಮೈಲಿ ಇರುವಾಗ ಸುಂಕದ ಕಟ್ಟೆ. ರಸ್ತೆಗೆ ಅಡ್ಡ ಒಂದು ಕೋಲು, ಪಕ್ಕದಲ್ಲಿ ಒಂದು ಕೋಣೆ, ಕೋಣೆಯಲ್ಲಿ ಒಂದು ಮೇಜು ಮತ್ತು ಗೋಡೆಯ ಮೇಲೆ ಯಾರೂ ಓದದ ದರಪಟ್ಟಿ. ಹಳೇ ಸಾಹೇಬರು ನಮ್ಮ ಗಾಡಿಯ ಸದ್ದು ಕೇಳಿದರೆ ಕೋಲು ಎತ್ತಿಸಿ ನಿದ್ದೆ ಮುಂದುವರಿಸುತ್ತಿದ್ದರು. ಅವರಿಗೆ ವರ್ಗವಾಗಿತ್ತು. ಹೊಸಬರು ಬಂದು ಮೂರು ದಿನವಾಗಿತ್ತು, ಅವರ ಮೇಜಿನ ಮೇಲೆ ಒಂದು ಭೂತಗನ್ನಡಿ ಇತ್ತು.

"ಗಾಡೀಲಿ ಏನು?"

"ಚಿಂದಿ ಸ್ವಾಮಿ," ಎಂದೆ.

ಕಾಗದ ನೋಡಿದರು, ಕಟ್ಟಿನ ಮುದ್ರೆ ನೋಡಿದರು, ಸರಿ ಎಂದರು. ಕೋಲು ಅರ್ಧ ಮೇಲೆ ಹೋಗಿತ್ತು. ಅಷ್ಟರಲ್ಲಿ ಅವರು ಭಾವನ ಕಡೆ ತಿರುಗಿ, ಯಾವ ದುರುದ್ದೇಶವೂ ಇಲ್ಲದೆ, "ಕೋಟು ಚೆನ್ನಾಗಿದೆಯಲ್ಲ," ಎಂದುಬಿಟ್ಟರು.

ನಾನು ಭಾವನ ಪಕ್ಕೆಗೆ ತಿವಿದೆ. ತಡವಾಗಿತ್ತು. ಅವನು ಆಗಲೇ ಗಾಡಿಯಿಂದ ಇಳಿದು ಸಾಹೇಬರಿಗೆ ಬೆನ್ನು ತಿರುಗಿಸಿ ನಿಂತಿದ್ದ.

"ಹೊರದೇಶದ್ದು ಸ್ವಾಮಿ. ಈ ಬೆನ್ನಲ್ಲಿ ಒಂದು ಹೊಲಿಗೆ ಇದೆ. ಮೇಲಿಂದ ಕೆಳಗಿನವರೆಗೂ ಇದೆ. ಎಲ್ಲಿದೆ ಹುಡುಕಿ ನೋಡೋಣ!"

ಸಾಹೇಬರು ಹುಡುಕಿದರು. ಭೂತಗನ್ನಡಿ ತಂದು ಹುಡುಕಿದರು. ಬಿಸಿಲಿಗೆ ಕರೆದುಕೊಂಡು ಹೋಗಿ ಹುಡುಕಿದರು. ಭಾವ ಕಣ್ಣು ಅರೆಮುಚ್ಚಿ ಸುಖವಾಗಿ ನಿಂತಿದ್ದ.

"ಇಲ್ಲಿ ಹೊಲಿಗೆ ಇಲ್ಲ," ಎಂದರು ಸಾಹೇಬರು.

"ಇದೆ ಸ್ವಾಮಿ. ಕಾಣೋದಿಲ್ಲ ಅಷ್ಟೆ."

"ಸರಕಾರಕ್ಕೆ ಕಾಣದ್ದು ಇಲ್ಲ ಅಂತಲೇ ಲೆಕ್ಕ. ಅಂದಮೇಲೆ ಇದು ಇಡೀ ಕೋಟು, ಹೊರದೇಶದ್ದು ಅಂತ ನೀವೇ ಹೇಳ್ತಿದೀರಿ. ಸುಂಕ ಕಟ್ಟಿದ ರಸೀದಿ ಎಲ್ಲಿ?"

ಅರ್ಧ ಎದ್ದಿದ್ದ ಕೋಲು ಕೆಳಗಿಳಿಯಿತು. ಭಾವ ಆಗಲೂ ಇದನ್ನು ಹೊಗಳಿಕೆ ಎಂದೇ ತಿಳಿದು ನಗುತ್ತಿದ್ದ. ಇದು ಕಟ್ಟಿನಲ್ಲಿ ಚಿಂದಿಯಾಗಿ ಬಂದದ್ದು, ನಾನೇ ಕೂಡಿಸಿದ್ದು ಎಂದು ವಿವರಿಸಿದ. ಅದನ್ನು ಕೇಳಿ ಸಾಹೇಬರ ಮುಖ ಇನ್ನಷ್ಟು ಗಂಭೀರವಾಯಿತು.

"ಅಂದರೆ ಈ ಕಟ್ಟಿನಲ್ಲಿ ಇರೋದೂ ಹೀಗೇ ಆಗುತ್ತಾ?"

"ಇದಕ್ಕಿಂತ ಚೆನ್ನಾಗಿ ಆಗುತ್ತೆ ಸ್ವಾಮಿ!"

"ಅಂದರೆ ಒಂದು ಇಡೀ ಕೋಟು ಎರಡು ಕಂತಿನಲ್ಲಿ ಒಳಗೆ ಬರ್ತಿದೆ." ಸಾಹೇಬರು ಕಪಾಟಿನಿಂದ ಒಂದು ಪುಸ್ತಕ ತೆಗೆದು ಬೆರಳಿಟ್ಟು ಓದಿದರು. "ಚಿಂದಿಯಿಂದ ಮಾಡಿದ ಉಡುಪು ಚಿಂದಿಯಿಂದ ಮಾಡಿದ್ದೆಂದು ಕಾಣತಕ್ಕದ್ದು. ನೋಡಿ, ಕಾಣತಕ್ಕದ್ದು ಅಂತಿದೆ."

ಭಾವನ ನಗು ಆಗ ನಿಂತಿತು. ಒಂದು ಬ್ಲೇಡು ಕೊಡಿ, ಈಗಲೇ ಬಿಚ್ಚಿ ತೋರಿಸುತ್ತೇನೆ ಎಂದ. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು, ಸಾಕ್ಷ್ಯವನ್ನು ಮುಟ್ಟುವುದು ಬೇರೆಯೇ ಅಪರಾಧ ಎಂದರು. ಕೋಟು ಬಿಚ್ಚಿಸಿಕೊಂಡು ಗೋಡೆಯ ಮೊಳೆಗೆ ತೂಗುಹಾಕಿ ಮುದ್ರೆ ಒತ್ತಿದರು. ಕಟ್ಟನ್ನು ಇಳಿಸಿಕೊಂಡರು. ಹದಿನೈದು ದಿನಕ್ಕೊಮ್ಮೆ ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆ. ಅಷ್ಟರೊಳಗೆ ಹೊಲಿಗೆ ರುಜುವಾತಾದರೆ ಸರಿ, ಇಲ್ಲದಿದ್ದರೆ ಕಟ್ಟನ್ನು ಕಟ್ಟೆಯ ಹಿಂದೆ ಗುಂಡಿ ತೋಡಿ ಸುಡುವುದು ಎಂದು ಬರೆದುಕೊಟ್ಟರು. ನಾನು ಚಳಿಗಾಲದ ವಿಷಯ, ಹನ್ನೊಂದು ಮನೆಯ ವಿಷಯ ಎಲ್ಲ ಹೇಳಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತದೆ ಎಂದು ಹಿರಿಯರು ಹೇಳಿಟ್ಟಿದ್ದನ್ನು ನಾನು ಆ ದಿನ ಕಣ್ಣಾರೆ ಕಂಡೆ. ಭಾವ ಖಾಲಿ ಗಾಡಿಯಲ್ಲಿ ಬರೀ ಅಂಗಿಯಲ್ಲಿ ನಡುಗುತ್ತಾ ಊರಿಗೆ ಬಂದ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ವಿಷಯವನ್ನು ನಾನೇ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಕಟ್ಟಿಕೊಂಡ ದಿನದಿಂದ ಹೇಳ್ತಿದೀನಿ. ಚಿಂದಿ ಅನ್ನೋಕೆ ನಿಮಗೇನಾಗಿತ್ತು ರೋಗ?"

"ನನ್ನ ಹೊಲಿಗೇನ ಚಿಂದಿ ಅನ್ನಲಾ?"

"ಅನ್ನಿ! ಬೇಕಾದರೆ ನನ್ನನ್ನೂ ಚಿಂದಿ ಅನ್ನಿ, ಕಟ್ಟು ಮನೆಗೆ ಬರಲಿ!"

ಇಸ್ತ್ರಿ ಹಾಕುವ ದೊಡ್ಡಪ್ಪ ಬಂದ, ಅಂಚು ಮಡಿಸುವ ಅಜ್ಜಿ ಬಂದಳು, ಹನ್ನೊಂದು ಮನೆಯವರೂ ಬಂದರು. ದೊಡ್ಡಪ್ಪ ಯಾವ ಸುದ್ದಿ ಕೇಳಿದರೂ ಮೊದಲು ತನಗೆ ಇದು ಮುಂಚೆಯೇ ಗೊತ್ತಿತ್ತು ಎನ್ನುವವನು. "ನಾನು ಅವತ್ತೇ ಅಂದ್ಕೊಂಡೆ, ಇವನು ಇಷ್ಟು ಚೆನ್ನಾಗಿ ಹೊಲಿಯೋದು ಊರಿಗೆ ಒಳ್ಳೇದಲ್ಲ ಅಂತ," ಎಂದ. ಎಲ್ಲರೂ ಹೌದೆಂದು ತಲೆಯಾಡಿಸಿದರು. ಆ ಕಟ್ಟು ಬಾರದಿದ್ದರೆ ಚಳಿಗಾಲ ಪೂರ್ತಿ ಯಾರ ಮನೆಯಲ್ಲೂ ಸೂಜಿ ಆಡುವಂತಿರಲಿಲ್ಲ. ಪೇಟೆಯ ವ್ಯಾಪಾರಿಯೂ ಹೇಳಿಕಳಿಸಿದ: ಈ ಸಲ ಮಾಲು ತಪ್ಪಿದರೆ ಮುಂದಿನ ಕಟ್ಟುಗಳು ಗುಡ್ಡದ ಆಚೆಯ ಊರಿಗೆ. ಭಾವ ಗೋಡೆಗೆ ಒರಗಿ ಎಲ್ಲ ಕೇಳಿಸಿಕೊಂಡು, ಕೊನೆಗೆ ಎದ್ದು ನಿಂತು ಹೇಳಿದ:

"ಕಳೆದಿದ್ದು ನಾನು. ತರೋದೂ ನಾನೇ."

ಅವನಿಗೆ ಮೊದಲು ಹೊಳೆದದ್ದು ಸ್ಥಳೀಯ ಕಚೇರಿಯ ಪತ್ರ. ಇವನು ಸೀಳಿದ ಕೋಟು ಕೂಡಿಸುವವನು ಹೌದು ಎಂದು ಊರಿನ ಕಚೇರಿಯೇ ಬರೆದುಕೊಟ್ಟರೆ ಸುಂಕದ ಸಾಹೇಬರು ನಂಬಲೇಬೇಕಲ್ಲ? ನಾನು ಬೇಡ ಎಂದೆ. ಕಚೇರಿಗೆ ನಾವಾಗಿ ಹೋಗಿ ಒಳ್ಳೆಯದಾದ ಉದಾಹರಣೆ ನನ್ನ ನೆನಪಿನಲ್ಲಿ ಇಲ್ಲ. ಆದರೂ ಜೊತೆಗೆ ಹೋದೆ.

ತೆರಿಗೆ ಗುಮಾಸ್ತ ಕಿವಿಯಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡು ನಮ್ಮನ್ನು ಬಹಳ ಪ್ರೀತಿಯಿಂದ ಕೂರಿಸಿದ. ಅವನ ಪ್ರೀತಿ ಕಂಡೇ ನಾನು ಬಾಗಿಲು ಎಷ್ಟು ದೂರ ಇದೆ ಎಂದು ನೋಡಿಕೊಂಡೆ.

"ಎಷ್ಟು ವರ್ಷದಿಂದ ಈ ಉದ್ಯಮ?"

"ಇಪ್ಪತ್ತು," ಎಂದ ಭಾವ ಎದೆಯುಬ್ಬಿಸಿ.

"ಎಷ್ಟು ಮನೆ?"

"ಹನ್ನೊಂದು."

ಗುಮಾಸ್ತ ಎರಡನ್ನೂ ಬರೆದುಕೊಂಡು ಮೂರು ಬಣ್ಣದ ಮೂರು ಅರ್ಜಿ ಹರಡಿದ. "ನೋಡಿ, ಹೊಸ ಬಟ್ಟೆ ಮಾಡಿದರೆ ತಯಾರಿಕೆ ತೆರಿಗೆ, ಅದು ಹಸಿರು. ಚಿಂದಿ ಇಟ್ಟುಕೊಂಡಿದ್ದರೆ ವಾಸದ ಮನೆಯಲ್ಲಿ ಕಸ ಶೇಖರಣೆ, ಅದಕ್ಕೆ ದಂಡ, ಅದು ಕೆಂಪು. ಹರಿದಿದ್ದನ್ನ ಹೊಲಿದರೆ ರಿಪೇರಿ. ರಿಪೇರಿಗೆ ತೆರಿಗೆ ಇಲ್ಲ, ಅದು ಬಿಳಿ. ನಿಮ್ಮದು ಯಾವುದು?"

"ಬಿಳಿ," ಎಂದೆ ನಾನು ಭಾವನ ಬಾಯಿಗೆ ಕೈ ಅಡ್ಡ ಹಿಡಿದು.

"ರಿಪೇರಿ ಆಗಿದ್ದಕ್ಕೆ ಗುರುತು ಇರಬೇಕಲ್ಲ? ಹೊಲಿಗೆ ಕಂಡರೆ ರಿಪೇರಿ. ಕಾಣದಿದ್ದರೆ ತಯಾರಿಕೆ. ಕಾಣುತ್ತಾ?"

ನಾನು ಬಲವಾಗಿ ಹಿಡಿದಿದ್ದೆ. ಆದರೂ ನನ್ನ ಬೆರಳುಗಳ ಸಂದಿಯಿಂದ ಭಾವನ ಧ್ವನಿ ಹೊರಬಂತು: "ಅಪ್ಪನಾಣೆ ಕಾಣಲ್ಲ."

ಪತ್ರ ಕೊಡಲಿಲ್ಲ. ಎರಡು ದಿನದ ಮೇಲೆ ಹನ್ನೊಂದು ಮನೆಗೂ ಹಸಿರು ನೋಟಿಸು ಬಂತು. ಅಂಚು ಅಜ್ಜಿಗೆ ಓದು ಬರುವುದಿಲ್ಲ. ತನ್ನ ಮನೆ ಇನ್ನು ಮೇಲೆ ಕಾರ್ಖಾನೆ ಎಂದು ತಿಳಿದಾಗ ಅವಳು, ಹಾಗಾದರೆ ನನಗೆ ಊಟದ ಗಂಟೆ ಹೊಡೆಯುವವರು ಯಾರು ಎಂದು ಕೇಳಿದಳು. ಬೇರೆಯವರು ಅಷ್ಟು ನಿರಾಳವಾಗಿರಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡ ಎಂದು ಭಾವನನ್ನು ಬೀದಿಯಲ್ಲೇ ಬೈದರು. ದೊಡ್ಡಪ್ಪ ಇದೂ ತನಗೆ ಮುಂಚೆಯೇ ಗೊತ್ತಿತ್ತು ಎಂದ.

ಬೇರೆಯವನಾಗಿದ್ದರೆ ಕದ ಹಾಕಿಕೊಂಡು ಮಲಗುತ್ತಿದ್ದ. ಭಾವ ಮಾರನೇ ಬೆಳಿಗ್ಗೆ ಸುಂಕದ ಕಟ್ಟೆಗೆ ಹೊರಟ. ಆರು ಮೈಲಿ ಹೋಗುವುದು, ಆರು ಮೈಲಿ ಬರುವುದು, ದಿನಾ. ಕೋಟನ್ನು ಮುಟ್ಟುವಂತಿಲ್ಲ, ಸರಿ. ಕಿಟಕಿಯ ಹೊರಗೆ ನಿಂತು ದಾರಿ ತೋರಿಸಬಹುದಲ್ಲ?

"ಕೊರಳಪಟ್ಟಿಯಿಂದ ಕೆಳಗೆ ಬನ್ನಿ ಸ್ವಾಮಿ. ಇನ್ನೂ ಕೆಳಗೆ. ಒಂದು ಕೂದಲೆಳೆ ಎಡಕ್ಕೆ. ಅಲ್ಲೇ! ಅಲ್ಲೇ ನಿಮ್ಮ ಬೆರಳ ಕೆಳಗೇ ಇದೆ!"

"ಇಲ್ಲ."

"ಇದೆ ಸ್ವಾಮಿ!"

ಸಾಹೇಬರೂ ಸಾಮಾನ್ಯರಲ್ಲ. ಅವರಿಗೂ ಇದು ಮಾನದ ಪ್ರಶ್ನೆಯಾಗಿತ್ತು. ಗಾಡಿಗಳು ರಸ್ತೆಯಲ್ಲಿ ಸಾಲುಗಟ್ಟಿ ನಿಂತಿದ್ದರೆ ಇವರು ಭೂತಗನ್ನಡಿ ಹಿಡಿದು ಗೋಡೆಗೆ ಮೂಗು ತಾಗಿಸಿಕೊಂಡಿರುತ್ತಿದ್ದರು. ಒಂಬತ್ತನೇ ದಿನ ಅವರು "ಸಿಕ್ಕಿತು!" ಎಂದು ಕೂಗಿದರು. ಕೋಲು ಎತ್ತುವವನು ಓಡಿಬಂದ, ಗಾಡಿಯವರು ಇಳಿದು ಬಂದರು. ಭಾವ ಕಿಟಕಿಯಿಂದ ಬಗ್ಗಿ ನೋಡಿದ. ಅದು ಪಕ್ಕೆಯ ಹೊಲಿಗೆ, ಎಲ್ಲ ಕೋಟಿಗೂ ಹುಟ್ಟಿನಿಂದ ಇರುವಂಥದ್ದು. ಆಗಲಾದರೂ ಇವನು ಹೌದು ಅದೇ ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಇವನು ಬಿದ್ದುಬಿದ್ದು ನಕ್ಕ.

"ಯಾರೋ ಯಂತ್ರದಲ್ಲಿ ಹೊಡೆದ ಹೊಲಿಗೆ ಸ್ವಾಮಿ ಅದು! ನನ್ನದಕ್ಕೆ ಹೋಲಿಸ್ತೀರಾ?"

ಸಾಹೇಬರು ಕಿಟಕಿ ಮುಚ್ಚಿಕೊಂಡರು. ಆ ಸಂಜೆ ಇದನ್ನು ಕೇಳಿದ ಅಕ್ಕ ಬೈಯಲೂ ಇಲ್ಲ. ತಟ್ಟೆಯನ್ನು ಅವನ ಮುಂದೆ ಇಟ್ಟು ಒಳಗೆ ಹೋದಳು. ಅಕ್ಕ ಬೈಯದೆ ಇದ್ದದ್ದನ್ನು ಕಂಡಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಭಾವನಿಗೂ ಆಗಿರಬೇಕು, ಊಟ ಅರ್ಧಕ್ಕೆ ಬಿಟ್ಟ. ಆದರೂ ಹತ್ತನೇ ದಿನ ಹೋದ, ಹನ್ನೊಂದನೇ ದಿನ ಹೋದ. ಹದಿನಾಲ್ಕನೇ ದಿನ ಮುಚ್ಚಿದ ಕಿಟಕಿಯ ಮುಂದೆಯೇ ನಿಂತು ಕೂದಲೆಳೆ ಎಡಕ್ಕೆ, ಕೂದಲೆಳೆ ಬಲಕ್ಕೆ ಎಂದು ಹೇಳಿ ಬಂದ.

ಹದಿನೈದನೇ ದಿನ ಹನ್ನೊಂದು ಮನೆಗೂ ಬೀಗ ಹಾಕಿ ಎಲ್ಲರೂ ಹೊರಟೆವು. ಅಂಚು ಅಜ್ಜಿಯನ್ನು ಗಾಡಿಯಲ್ಲಿ ಕೂರಿಸಿದೆವು. ಕಟ್ಟೆಯ ಹಿಂದೆ ಗುಂಡಿ ತೋಡಿ ಪಕ್ಕದಲ್ಲಿ ಸೀಮೆಎಣ್ಣೆ ಡಬ್ಬ ಇಟ್ಟಿದ್ದರು. ನಮ್ಮ ಕಟ್ಟು ಅದರ ಅಂಚಿನಲ್ಲೇ ಇತ್ತು. ಅದನ್ನು ನೋಡಿ ದೊಡ್ಡಪ್ಪ ಕೂಡ ತನಗೆ ಮುಂಚೆಯೇ ಗೊತ್ತಿತ್ತು ಎನ್ನಲಿಲ್ಲ.

ದೊಡ್ಡ ಸಾಹೇಬರು ಮೇಜಿನ ಹಿಂದೆ ಕೂತು ಕಡತ ಓದಿದರು. ತಾವೂ ಕೋಟಿನ ಬೆನ್ನು ನೋಡಿ ತಲೆಯಾಡಿಸಿದರು.

"ಹೊಲಿಗೆ ಕಾಣೋದಿಲ್ಲ. ಬೇರೆ ರುಜುವಾತು ಏನಾದರೂ ಇದೆಯೇ?"

ಭಾವ ಬಾಯಿ ತೆರೆಯುವ ಮೊದಲೇ ಅಕ್ಕ ಮುಂದೆ ಬಂದಳು. "ಇದೆ ಸ್ವಾಮಿ. ಯಾವುದಾದರೂ ಇಡೀ ಕೋಟು ಕೊಡಿ. ನಿಮ್ಮ ಕಣ್ಣ ಮುಂದೆ ಸೀಳಿ, ಕಣ್ಣ ಮುಂದೆ ಕೂಡಿಸ್ತಾರೆ. ಕಾಣುತ್ತೋ ಇಲ್ಲವೋ ನೀವೇ ಹೇಳಿ."

ದೊಡ್ಡ ಸಾಹೇಬರಿಗೆ ಇದು ನ್ಯಾಯವೆನಿಸಿತು. ಆದರೆ ಇಡೀ ಕೋಟು ಎಲ್ಲಿಂದ ತರುವುದು? ತಮ್ಮ ಮೈಮೇಲಿನದನ್ನು ಅವರು ಗುಂಡಿ ಹಾಕಿ ಭದ್ರಪಡಿಸಿಕೊಂಡರು. ಎಲ್ಲರ ಕಣ್ಣೂ ಸುಂಕದ ಸಾಹೇಬರ ಮೈಮೇಲಿದ್ದ ಚೌಕಳಿ ಕೋಟಿನ ಮೇಲೆ ನಿಂತಿತು.

"ಇದು ಪೇಟೆಯ ದೊಡ್ಡ ಅಂಗಡಿಯದು ಸರ್," ಎಂದರು ಅವರು ತೊದಲುತ್ತಾ. "ಹೊರದೇಶದ್ದು. ತುಂಬಾ ಇಷ್ಟಪಟ್ಟು ಕೊಂಡಿದ್ದು."

"ಕೊಡಿ," ಎಂದರು ದೊಡ್ಡ ಸಾಹೇಬರು.

ಅಕ್ಕ ಕೋಟನ್ನು ಮೇಜಿನ ಮೇಲೆ ಕವುಚಿ ಹಾಸಿ, ಬೆನ್ನಿನ ಮೇಲೆ ಅಂಗೈ ಸವರಿದಳು. ಅವಳ ಕೈ ನಿಂತಿತು. ಕೋಟನ್ನು ಎತ್ತಿ ಎರಡು ತೋಳುಗಳನ್ನೂ ಜೋಡಿಸಿ ಹಿಡಿದಳು. ಎಡತೋಳು ಬಲತೋಳಿಗಿಂತ ಒಂದು ಬೆರಳು ಉದ್ದವಿತ್ತು.

"ಇದನ್ನ ಸೀಳೋದು ಬೇಡ ಸ್ವಾಮಿ," ಎಂದಳು. "ಇದು ಸೀಳಿಸಿಕೊಂಡೇ ಬಂದಿರೋದು. ಹೋದ ವರ್ಷ ಈ ಎಡಕ್ಕೆ ಬಲ ಸಿಗಲೇ ಇಲ್ಲ. ನಾಲ್ಕು ದಿನ ಹುಡುಕಿ, ಅದೇ ಚೌಕಳಿಯ ಇನ್ನೊಂದು ಕೋಟಿನ ಬಲ ಹಾಕಿದೆ. ಬೆನ್ನು ಇವರದ್ದೇ."

ಸುಂಕದ ಸಾಹೇಬರು ತಮ್ಮ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಒಂದಕ್ಕೊಂದು ಹೋಲಿಸಿ ನೋಡಿದರು.

"ನಾನು ಒಂದು ವರ್ಷದಿಂದ," ಎಂದರು ಮೆಲ್ಲಗೆ, "ನನ್ನ ಎಡಗೈ ಗಿಡ್ಡ ಅಂತ ಅಂದ್ಕೊಂಡಿದ್ದೆ. ವೈದ್ಯರಿಗೂ ತೋರಿಸಿದೆ."

ದೊಡ್ಡ ಸಾಹೇಬರು ಕನ್ನಡಕ ಒರೆಸಿಕೊಂಡು ಕೋಟಿನ ಬೆನ್ನು ನೋಡಿದರು. "ನನಗೆ ಇದರಲ್ಲೂ ಹೊಲಿಗೆ ಕಾಣ್ತಿಲ್ಲ. ಕಾಣದಿದ್ದರೆ ಇದು ಇಡೀ ಕೋಟು. ಸುಂಕದ ಅಧಿಕಾರಿಯ ಮೈಮೇಲೆ ಸುಂಕ ಕಟ್ಟದ ಹೊರದೇಶದ ಕೋಟು. ರಸೀದಿ ಇದೆಯೇನ್ರೀ?"

ಆಮೇಲೆ ನಡೆದದ್ದನ್ನು ನೋಡಲು ಆರು ಮೈಲಿಯೇನು, ಅರವತ್ತು ಮೈಲಿ ಬೇಕಾದರೂ ನಡೆಯಬಹುದಿತ್ತು. ಸುಂಕದ ಸಾಹೇಬರು ಕೋಟನ್ನು ಕಸಿದುಕೊಂಡು ಕಿಟಕಿಗೆ ಓಡಿದರು.

"ಇದೆ ಸರ್! ಹೊಲಿಗೆ ಇದೆ! ಕೊರಳಪಟ್ಟಿಯಿಂದ ಕೆಳಗೆ ಬನ್ನಿ, ಒಂದು ಕೂದಲೆಳೆ ಎಡಕ್ಕೆ, ಅಲ್ಲೇ, ನಿಮ್ಮ ಬೆರಳ ಕೆಳಗೇ ಇದೆ ಸರ್!"

"ಇಲ್ಲಾರೀ."

"ಇದೆ ಸರ್! ಇವರು ಹದಿನೈದು ದಿನದಿಂದ ಹೇಳ್ತಾನೇ ಇದಾರೆ, ಸುಳ್ಳು ಹೇಳೋ ಮುಖವೇ ಸರ್ ಅದು?"

ಮಾಡಿದ್ದುಣ್ಣೋ ಮಹರಾಯ ಎಂದು ಅಂಚು ಅಜ್ಜಿ ಗಟ್ಟಿಯಾಗಿಯೇ ಹೇಳಿದಳು. ಭಾವ ಮಾತ್ರ ನಗಲಿಲ್ಲ. ಸಾಹೇಬರ ಪಕ್ಕಕ್ಕೆ ಹೋಗಿ, ಅವರ ಬೆರಳು ಹಿಡಿದು, ಹೊಲಿಗೆಯ ಮೇಲೆ ಸರಿಯಾಗಿ ಇಟ್ಟ. ಒಂದು ಬ್ಲೇಡು ಕೇಳಿ, ದೊಡ್ಡ ಸಾಹೇಬರ ಅಪ್ಪಣೆ ಪಡೆದು, ಒಂದೇ ಒಂದು ಎಳೆ ಎಳೆದ. ಚೌಕಳಿ ಕೋಟು ಕೊರಳಿನಿಂದ ಗೇಣುದ್ದ ಬಾಯಿ ಬಿಟ್ಟಿತು. ಸುಂಕದ ಸಾಹೇಬರು ನಮಗಿಂತ ಹೆಚ್ಚು ಸಂತೋಷಪಟ್ಟರು.

ಕಪ್ಪು ಕೋಟಿನ ಸಮೇತ ಕಟ್ಟು ನಮಗೆ ಸಿಕ್ಕಿತು. ಅದನ್ನು ಗಾಡಿಗೆ ಹೇರುವಾಗ ಹನ್ನೊಂದು ಮನೆಯ ಹೆಂಗಸರೂ ಅತ್ತರು, ನಾನೂ ಅತ್ತೆ. ಆದರೆ ಸರಕಾರದ ಕೈಯಿಂದ ಏನಾದರೂ ಬಂದರೆ ಜೊತೆಗೆ ಒಂದು ಕಾಗದ ಬರುತ್ತದೆ. ದೊಡ್ಡ ಸಾಹೇಬರು ಎಲ್ಲ ಕಟ್ಟೆಗಳಿಗೂ ಆದೇಶ ಬರೆದರು: ಇನ್ನು ಮುಂದೆ ಕೂಡಿಸಿದ ಕೋಟಿನ ಹೊಲಿಗೆ ಮೂರು ಹೆಜ್ಜೆ ದೂರದಿಂದ ಅಧಿಕಾರಿಯ ಬರಿಗಣ್ಣಿಗೆ ಕಾಣತಕ್ಕದ್ದು. ಕಾಣದ್ದನ್ನು ಇಡೀ ಕೋಟೆಂದು ಭಾವಿಸಿ ರಸೀದಿ ಕೇಳತಕ್ಕದ್ದು.

ಭಾವ ಎರಡು ದಿನ ಸೂಜಿ ಹಿಡಿದುಕೊಂಡು ಸುಮ್ಮನೆ ಕೂತಿದ್ದ. ಮೂರನೇ ದಿನ ಕೆಟ್ಟದಾಗಿ ಹೊಲಿಯಲು ಪ್ರಯತ್ನಪಟ್ಟ. ಸೊಟ್ಟಗೆ ಎರಡು ಹೊಲಿಗೆ ಹಾಕುತ್ತಿದ್ದ, ಮೂರನೆಯದು ತಾನಾಗಿ ನೆಟ್ಟಗಾಗುತ್ತಿತ್ತು. ಬಿಚ್ಚುತ್ತಿದ್ದ, ಮತ್ತೆ ಹಾಕುತ್ತಿದ್ದ.

"ಕೈ ಮಾತು ಕೇಳ್ತಿಲ್ಲ ಕಣೋ," ಎಂದ ನನ್ನ ಕಡೆ ನೋಡಿ. ಅವನ ಕಣ್ಣಲ್ಲಿ ನೀರಿತ್ತು.

ಅಕ್ಕ ನೂಲಿನ ಪೆಟ್ಟಿಗೆ ತಂದು ಅವನ ಮುಂದೆ ಸುರಿದು, ಹಳದಿ ಉಂಡೆಯೊಂದನ್ನು ಆರಿಸಿ ಕೈಗಿಟ್ಟಳು. "ಕೆಟ್ಟದಾಗಿ ಯಾಕೆ ಹೊಲೀಬೇಕು? ಚೆನ್ನಾಗೇ ಹೊಲೀರಿ. ಕಾಣೋ ಹಾಗೆ ಹೊಲೀರಿ."

ಭಾವ ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಸಂಜೆಯ ಹೊತ್ತಿಗೆ ಒಂದು ಕಪ್ಪು ಕೋಟಿನ ಬೆನ್ನಿನ ನಡುವೆ ಕೊರಳಿನಿಂದ ಅಂಚಿಗೆ ನೆಟ್ಟಗೆ ಒಂದು ಹಳದಿ ಗೆರೆ ಇಳಿದಿತ್ತು. ಅದು ಮೂರು ಹೆಜ್ಜೆಯೇನು, ಮುನ್ನೂರು ಹೆಜ್ಜೆ ಹಿಂದೆ ಹೋದರೂ ಕಾಣುತ್ತಿತ್ತು. ಒಂದೊಂದು ಹೊಲಿಗೆಯೂ ಅಳೆದಿಟ್ಟ ಹಾಗಿತ್ತು.

ವ್ಯಾಪಾರಿ ಬಂದವನೇ ಹಣೆ ಚಚ್ಚಿಕೊಂಡ. "ಇದನ್ನ ಹೊರದೇಶದ್ದು ಅಂತ ಹೇಗ್ರೀ ಮಾರಲಿ?"

"ಮಾರಬೇಡಿ," ಎಂದ ಭಾವ. "ಇಪ್ಪತ್ತು ವರ್ಷ ನಮ್ಮ ಕೆಲಸ ನಾವೇ ಬಚ್ಚಿಟ್ಟು ನಿಮಗೆ ಕೊಟ್ಟಿದೀವಿ. ಇನ್ನು ಬಚ್ಚಿಡೋಕಾಗಲ್ಲ. ಬೇಕಿದ್ದರೆ ತಗೊಳ್ಳಿ, ಬೇಡದಿದ್ದರೆ ಗುಡ್ಡ ಇಳೀರಿ."

ವ್ಯಾಪಾರಿ ಗುಡ್ಡ ಇಳಿದ. ಎಲ್ಲರೂ ಭಾವನನ್ನು ಮತ್ತೆ ಬೈದರು. ಹನ್ನೊಂದು ಮನೆಯಲ್ಲೂ ಹಳದಿ ಗೆರೆಯ ಕೋಟುಗಳು ರಾಶಿಬಿದ್ದವು. ಭಾವ ಹೊಲಿಯುತ್ತಲೇ ಇದ್ದ.

ಚಳಿ ಜೋರಾದ ಮೇಲೆ ಒಬ್ಬ ಗಾಡಿಯವನು ಊರಿಗೆ ಬಂದ. ಈಗ ಯಾವ ಕಟ್ಟೆಯಲ್ಲಿ ನೋಡಿದರೂ ಮೈಮೇಲೆ ಕೋಟಿದ್ದವರನ್ನು ನಿಲ್ಲಿಸಿ, ಬೆನ್ನು ತಿರುಗಿಸಿ, ಹೊಲಿಗೆ ಎಲ್ಲಿ, ರಸೀದಿ ಎಲ್ಲಿ ಎನ್ನುತ್ತಾರಂತೆ. ಅವನ ಜೊತೆಗಾರನೊಬ್ಬ ನಮ್ಮಲ್ಲಿ ಅಗ್ಗಕ್ಕೆ ಕೊಂಡಿದ್ದ ಹಳದಿ ಗೆರೆಯ ಕೋಟು ಹಾಕಿದ್ದ. ಅವನನ್ನು ಮಾತ್ರ ದೂರದಿಂದಲೇ ಕೈಬೀಸಿ ಬಿಟ್ಟರಂತೆ. ಮಾರನೇ ದಿನ ಆರು ಗಾಡಿಯವರು ಬಂದರು. ಆಮೇಲೆ ಹಾಲು ಮಾರುವವರು, ಪಾತ್ರೆ ಮಾರುವವರು, ದಿನಾ ಕಟ್ಟೆ ದಾಟುವವರೆಲ್ಲ ಬಂದರು. ಆ ಸಾಲಿನಲ್ಲಿ ಸುಂಕದ ಸಾಹೇಬರೂ ನಿಂತು, ಎರಡು ತೋಳೂ ಸಮ ಇರುವಂಥದ್ದು ಕೊಡಿ ಎಂದು ಕೇಳಿ ಒಯ್ದರು. ವಾರ ಕಳೆಯುವುದರೊಳಗೆ ವ್ಯಾಪಾರಿ ಏದುಸಿರು ಬಿಡುತ್ತಾ ಗುಡ್ಡ ಹತ್ತಿಬಂದ. ದೊಡ್ಡಪ್ಪನಿಗೆ ಇದೆಲ್ಲ ಮುಂಚೆಯೇ ಗೊತ್ತಿತ್ತು.

ತೆರಿಗೆ ಗುಮಾಸ್ತ ಹಸಿರು ನೋಟಿಸುಗಳನ್ನು ವಾಪಸು ಪಡೆದ. ಹೊಲಿಗೆ ಕಂಡಮೇಲೆ ರಿಪೇರಿಯೇ ತಾನೆ? ಅವನ ದುಃಖ ನೋಡಲಾಗುತ್ತಿರಲಿಲ್ಲ. ನಾಲ್ಕು ದಿನದಲ್ಲಿ ಅಳತೆಪಟ್ಟಿ ಹಿಡಿದು ನಗುನಗುತ್ತಾ ಬಂದ. ಸಾರ್ವಜನಿಕರಿಗೆ ದೂರದಿಂದ ಕಾಣುವ ಬಣ್ಣದ ಗುರುತು ಜಾಹೀರಾತು, ಅದಕ್ಕೆ ಉದ್ದದ ಮೇಲೆ ತೆರಿಗೆ ಎಂದ. ಆ ಕಡತ ಇನ್ನೂ ನಡೆಯುತ್ತಿದೆ, ಭಾವ ವಾರಕ್ಕೊಮ್ಮೆ ಹೋಗಿ ಅದರ ಎದುರು ಕೂತು ಬರುತ್ತಾನೆ.

ಹೋದ ವಾರ ನಾವು ಕೆಲಸಕ್ಕೆ ಕೂತಿದ್ದಾಗ ಹೊರಗೆ ಒಂದು ಕಾರು ನಿಂತಿತು. ಇಳಿದವರು ದೊಡ್ಡ ಸಾಹೇಬರು. ಮೈಮೇಲೆ ಬೂದುಬಣ್ಣದ ಭಾರೀ ಕೋಟು, ಅದರ ಬೆನ್ನಿಗೆ ಯಾವ ಕತ್ತರಿಯೂ ತಾಗಿರಲಿಲ್ಲ. ಎಲ್ಲರೂ ಎದ್ದು ನಿಂತೆವು. ಅವರು ಅತ್ತಿತ್ತ ನೋಡಿ ಧ್ವನಿ ತಗ್ಗಿಸಿದರು.

"ರಜೆ ಮೇಲೆ ಊರಿಗೆ ಹೊರಟಿದ್ದೆ. ಮೂರು ಕಟ್ಟೆಯಲ್ಲಿ ನಿಲ್ಲಿಸಿದರು. ನಾನು ಯಾರು ಅಂತ ಹೇಳಿದರೆ, ಆದೇಶ ಬರೆದವರೇ ರಸೀದಿ ಇಟ್ಟುಕೊಂಡಿಲ್ಲವೇ ಅಂತಾರೆ. ಇದು ನಮ್ಮ ತಂದೆಯ ಕೋಟು ಮೇಷ್ಟ್ರೇ, ರಸೀದಿ ಎಲ್ಲಿಂದ ತರಲಿ? ಬೆನ್ನ ಮೇಲೆ ಒಂದು ಹಳದಿ ಗೆರೆ ಹಾಕಿಕೊಡಿ. ಮೇಲೆ ಮೇಲೆ ಸಾಕು."

ಭಾವ ಕೋಟನ್ನು ತೆಗೆದುಕೊಂಡು ಒಳಗೂ ಹೊರಗೂ ನೋಡಿದ. ಅಂಥ ಬಟ್ಟೆಯನ್ನು ನಾನು ಕಂಡಿರಲಿಲ್ಲ.

"ಇಡಿಯಾಗಿದೆಯಲ್ಲ ಸ್ವಾಮಿ."

"ಹೌದು, ಅದೇ ತೊಂದರೆ."

"ಸೀಳದೆ ಹೊಲಿಗೆ ಹಾಕಿದರೆ ಅದು ಸುಳ್ಳು ಹೊಲಿಗೆ. ಈ ಗೆರೆ ನೋಡಿ ಕಟ್ಟೆಯವರು ಬಿಡ್ತಾರೆ ಅಂದರೆ, ಈ ಗೆರೆ ಸುಳ್ಳು ಹೇಳಲ್ಲ ಅಂತ ನಂಬಿರೋದಕ್ಕೆ. ಇವತ್ತು ನಿಮಗೆ ಒಂದು ಸುಳ್ಳು ಗೆರೆ ಹಾಕಿಕೊಟ್ಟರೆ ನಾಳೆ ಇಲ್ಲಿರೋ ಅಷ್ಟೂ ಜನ ಗುಂಡಿ ಪಕ್ಕ ನಿಂತಿರಬೇಕಾಗುತ್ತೆ. ಆಗಲ್ಲ ಸ್ವಾಮಿ."

"ಹಾಗಾದರೆ?"

"ನಮ್ಮೂರಿಗೆ ಬರೋ ಕೋಟು ಹೇಗೆ ಬರುತ್ತೋ ಹಾಗೇ ಬರಬೇಕು."

ದೊಡ್ಡ ಸಾಹೇಬರು ಭಾವನ ಮುಖ ನೋಡಿದರು, ಕೋಟು ನೋಡಿದರು. ಹನ್ನೊಂದು ಮನೆಯವರೂ ಬಾಗಿಲಿಗೆ ಬಂದು ನಿಂತಿದ್ದರು. ಕೊನೆಗೆ ಸಾಹೇಬರು ಆಗಲಿ ಎಂದು ತಲೆಯಾಡಿಸಿ ಇನ್ನೊಂದು ಕಡೆಗೆ ಮುಖ ತಿರುಗಿಸಿಕೊಂಡರು. ಅಕ್ಕ ಕೋಟನ್ನು ಕವುಚಿ ಹಾಸಿ ಕೊರಳಪಟ್ಟಿಯನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದಳು. ಭಾವ ಬೆನ್ನಿನ ನಡುಮಧ್ಯಕ್ಕೆ ಕತ್ತರಿ ಇಟ್ಟ.

"ಹೆದರಬೇಡಿ ಸ್ವಾಮಿ," ಎಂದ. "ಕೂಡಿಸೋದು ನಮಗೆ ಗೊತ್ತು."